ಬಣ್ಣದ ಬುಗುರಿ ತಿರುಗಿಸಿದ ಮ್ಯಾಕ್ಸ್‌ವೆಲ್

ಕಿರುಚಿತ್ರವಿರಲಿ, ಮದುವೆ ವಿಡಿಯೊ ಇರಲಿ, ಎಡಿಟಿಂಗ್ ಮುಗಿದ ಮೇಲೆ ಉಳಿಯುವುದು ಕಲರ್ ಗ್ರೇಡಿಂಗ್. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಸದ್ಯ ನಾಲ್ಕು ಕಾಸು ತರುತ್ತಿರುವುದು ಇದೇ. ಸಾಫ್ಟ್‌ವೇರ್‌ನಲ್ಲಿ ಪ್ರತಿ ದೃಶ್ಯಕ್ಕೂ ಕೆಂಪು, ಹಸಿರು, ನೀಲಿ ಎಂಬ ಮೂರು ಗ್ರಾಫ್‌ಗಳಿರುತ್ತವೆ. ಲೋಕದ ಇಷ್ಟೊಂದು ಬಣ್ಣಗಳಿಗೆ ಮೂರೇ ಹೇಗೆ ಸಾಕು? ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಹೌದು, ವಿದ್ಯುತ್ಕಾಂತೀಯ ಸಮೀಕರಣಗಳ ಅದೇ ಮ್ಯಾಕ್ಸ್‌ವೆಲ್!

ಹುಟ್ಟಿದ್ದು 1831ರ ಜೂನ್ 13ರಂದು, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. ಎಂಟನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಹಳ್ಳಿಯ ಉಡುಪು, ಹಳ್ಳಿಯ ಮಾತು ಹೊತ್ತು ಪಟ್ಟಣದ ಶಾಲೆಗೆ ಬಂದ ಹುಡುಗನಿಗೆ ಸಹಪಾಠಿಗಳು ಪೆದ್ದ ಎಂಬ ಅರ್ಥದ ಅಡ್ಡಹೆಸರಿಟ್ಟರು. ಆ ‘ಪೆದ್ದ’ 14ನೇ ವಯಸ್ಸಿಗೇ ಜ್ಯಾಮಿತಿಯ ಪ್ರಬಂಧ ಬರೆದ. ತೀರಾ ಚಿಕ್ಕವನೆಂದು ಅದನ್ನು ಎಡಿನ್‌ಬರೊದ ರಾಯಲ್ ಸೊಸೈಟಿಯಲ್ಲಿ ಪ್ರಾಧ್ಯಾಪಕರೊಬ್ಬರು ಓದಬೇಕಾಯಿತು.

ನಮ್ಮ ಕಣ್ಣು ಮೂರು ಮೂಲಬಣ್ಣಗಳಿಂದಲೇ ಎಲ್ಲವನ್ನೂ ಗ್ರಹಿಸುತ್ತದೆ ಎಂದು ಥಾಮಸ್ ಯಂಗ್ ಮೊದಲೇ ಊಹಿಸಿದ್ದರು. ಮ್ಯಾಕ್ಸ್‌ವೆಲ್ ಅದನ್ನು ಅಳೆದು ನೋಡಲು ಹೊರಟರು. ಉಪಕರಣ ಒಂದು ಬುಗುರಿ! ಅದರ ಮೇಲೆ ಕೆಂಪು, ಹಸಿರು, ನೀಲಿ ಕಾಗದದ ಬಿಲ್ಲೆಗಳು, ನಡುವೆ ಚಿಕ್ಕದಾದ ಕಪ್ಪು ಬಿಳುಪು ಬಿಲ್ಲೆಗಳು, ಅಂಚಿನಲ್ಲಿ 100 ಗೆರೆಗಳ ಅಳತೆ. ಬುಗುರಿ ತಿರುಗಿದಾಗ ಹೊರಗಿನ ಮೂರು ಬಣ್ಣ ಬೆರೆತು, ಒಳಗಿನ ಬೂದು ಬಣ್ಣಕ್ಕೆ ಸರಿಸಮ ಆಗುವವರೆಗೂ ಬಿಲ್ಲೆಗಳನ್ನು ಸರಿಸುತ್ತಿದ್ದರು. ಆಮೇಲೆ ಯಾವ ಬಣ್ಣ ಎಷ್ಟು ಬೇಕಾಯಿತೆಂದು ಬರೆದಿಡುತ್ತಿದ್ದರು.

ಇಂದು ನಾವು ಮಾಡುವುದೂ ಅದನ್ನೇ. ಮೊದಲು ಎಕ್ಸ್‌ಪೋಷರ್: ನೆರಳು ತೀರಾ ಕಪ್ಪಾಗಬಾರದು, ಬೆಳಕು ಸುಟ್ಟುಹೋದಂತೆ ಕಾಣಬಾರದು. ಎರಡನೆಯದು ವೈಟ್ ಬ್ಯಾಲೆನ್ಸ್. ಮಂಟಪದ ಹಳದಿ ದೀಪದಲ್ಲಿ ವರನ ಬಿಳಿ ಪಂಚೆಯೂ ಹಳದಿಯೇ. ಗ್ರಾಫ್‌ನಲ್ಲಿ ಪಂಚೆಯಿರುವ ಕಡೆ ಕೆಂಪು ಮೇಲೇರಿ, ನೀಲಿ ಕೆಳಗಿಳಿದಿರುತ್ತದೆ. ಮೂರನ್ನೂ ಒಂದೇ ಮಟ್ಟಕ್ಕೆ ತಂದರೆ ಪಂಚೆ ಬೆಳ್ಳಗಾಗುತ್ತದೆ. ಮೂರನೆಯದು ಒಂದು ಶಾಟನ್ನು ಮತ್ತೊಂದಕ್ಕೆ ಹೊಂದಿಸುವುದು. ನಂತರ ಮುಖದ ಬಣ್ಣ ಸಹಜವಾಗಿದೆಯೇ ಎಂದು ನೋಡುವುದು. ‘ಸಿನಿಮಾ ಲುಕ್’ ಏನಿದ್ದರೂ ಕಟ್ಟಕಡೆಗೆ. ಮೊದಲು ಅಳತೆ, ಆಮೇಲೆ ಅಲಂಕಾರ.

ಮ್ಯಾಕ್ಸ್‌ವೆಲ್ ಬದುಕಿನಲ್ಲಿ 1860 ಕಷ್ಟದ ವರ್ಷ. ಅಬರ್ಡೀನ್‌ನ ಎರಡು ಕಾಲೇಜುಗಳು ವಿಲೀನವಾದವು. ಒಂದು ವಿಷಯಕ್ಕೆ ಒಬ್ಬರೇ ಪ್ರಾಧ್ಯಾಪಕರು ಸಾಕೆಂದಾಗ ಕೆಲಸ ಕಳೆದುಕೊಂಡವರು ಕಿರಿಯರಾದ ಮ್ಯಾಕ್ಸ್‌ವೆಲ್. ಅವರ ಮಾವನೇ ಅಲ್ಲಿ ಪ್ರಾಂಶುಪಾಲರಾಗಿದ್ದರೂ ಹುದ್ದೆ ಉಳಿಯಲಿಲ್ಲ. ಎಡಿನ್‌ಬರೊದಲ್ಲಿ ಅರ್ಜಿ ಹಾಕಿದರು. ಆ ಹುದ್ದೆ ಅವರ ಶಾಲಾ ಗೆಳೆಯ ಟೇಟ್ ಪಾಲಾಯಿತು. ಅದೇ ವರ್ಷ ಸಿಡುಬೂ ತಗುಲಿತು. ಕೊನೆಗೆ ಲಂಡನ್ನಿನ ಕಿಂಗ್ಸ್ ಕಾಲೇಜು ಕರೆಯಿತು. ಬಣ್ಣದ ಸಂಶೋಧನೆಗೆ ರಂಫರ್ಡ್ ಪದಕ ಬಂದದ್ದೂ ಆ ವರ್ಷವೇ.

ಮರುವರ್ಷ, 1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರು ಒಂದು ಪ್ರಯೋಗ ತೋರಿಸಿದರು. ಬಣ್ಣಬಣ್ಣದ ರಿಬ್ಬನ್ ಒಂದನ್ನು ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಮೂಲಕ ಬೇರೆ ಬೇರೆಯಾಗಿ ಕಪ್ಪು ಬಿಳುಪಿನಲ್ಲಿ ಫೋಟೊ ತೆಗೆಸಿದ್ದರು. ಅವನ್ನು ಅದೇ ಬಣ್ಣದ ಬೆಳಕಿನಲ್ಲಿ ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿದಾಗ ರಿಬ್ಬನ್ ಬಣ್ಣದಲ್ಲೇ ಮೂಡಿತು. ಇಂದಿನ ಮೊಬೈಲ್ ಪರದೆಯೂ ಕೆಂಪು, ಹಸಿರು, ನೀಲಿ ಚುಕ್ಕಿಗಳಿಂದಲೇ ಚಿತ್ರ ಕಟ್ಟುತ್ತದೆ.

ಬಣ್ಣದ ಅಳತೆ ಅಲ್ಲಿಗೇ ನಿಲ್ಲಲಿಲ್ಲ. ಮನೆಯ ಅಟ್ಟದಲ್ಲಿ ಎಂಟು ಅಡಿ ಉದ್ದದ ಕಪ್ಪು ಪೆಟ್ಟಿಗೆಯಿಟ್ಟು, ಪತ್ನಿ ಕ್ಯಾಥರೀನ್ ಜೊತೆ ಗಂಟೆಗಟ್ಟಲೆ ಅದರೊಳಗೆ ಇಣುಕುತ್ತಿದ್ದರು. ಶವಪೆಟ್ಟಿಗೆ ನೋಡುತ್ತಿದ್ದಾರೆಂದು ಅಕ್ಕಪಕ್ಕದವರು ಬೆರಗಾದರಂತೆ! ಮುಂದೆ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಮೊದಲ ಪ್ರಾಧ್ಯಾಪಕರಾದರು. 1879ರಲ್ಲಿ ತೀರಿಕೊಂಡಾಗ ವಯಸ್ಸು ಕೇವಲ 48.

ಆಯ್ಕೆಪಟ್ಟಿಯಲ್ಲಿ ಹೆಸರು ಕಾಣದೆ ಮರಳುವ ಗೆಳೆಯ ಗೆಳತಿಯರಿಗೆ ನಾನು ಹೇಳಬಯಸುವುದು ಇಷ್ಟೇ: ಅಬರ್ಡೀನ್‌ನಲ್ಲಿ ಮ್ಯಾಕ್ಸ್‌ವೆಲ್ ಕಳೆದುಕೊಂಡದ್ದು ಹುದ್ದೆಯನ್ನು ಮಾತ್ರ. ಕೈಯಲ್ಲಿದ್ದ ಕೆಲಸವನ್ನು ಅವರು ಬಿಡಲಿಲ್ಲ.