ಕಾಣುವ ಕಣ್ಣನ್ನು ಒದಗಿಸಿದ ಡೊರೊತಿ ಯೂಸ್ಟಿಸ್

ಪರೋಪಕಾರಿಗಳಾದ ಸ್ತ್ರೀಯರ ಚರಿತ್ರೆಗಳನ್ನು ನಮ್ಮ ಬಾಲಿಕೆಯರು ಆಸಕ್ತಿಯಿಂದ ಓದುವುದುಂಟು. ಅಂಧರು ಪರರ ತೋಳನ್ನು ಹಿಡಿಯದೆ ನಡೆಯುವಂತೆ ಮಾಡಿದ ಡೊರೊತಿ ಹ್ಯಾರಿಸನ್ ಯೂಸ್ಟಿಸ್ ಎಂಬಾಕೆಯ ಚರಿತ್ರೆಯೂ ಆ ಸಾಲಿಗೆ ಸೇರತಕ್ಕದ್ದೆಂದೆಣಿಸಿ, ಅದನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ.

ಈಕೆಯು 1886ನೆಯ ಇಸವಿ ಮೇ ತಿಂಗಳ 30ನೆಯ ತಾರೀಖಿನಲ್ಲಿ ಅಮೆರಿಕಾ ದೇಶದ ಫಿಲಡೆಲ್ಫಿಯಾ ಪಟ್ಟಣದಲ್ಲಿ ಜನಿಸಿದಳು. 1906ರಲ್ಲಿ ವಾಲ್ಟರ್ ವುಡ್ ಎಂಬವರನ್ನು ವಿವಾಹವಾಗಿ, ಇಬ್ಬರು ಗಂಡುಮಕ್ಕಳ ತಾಯಿಯಾಗಿ, 1915ರಲ್ಲಿ ವಿಧವೆಯಾದಳು. ಹಾನ್ಸ್ ಎಂಬ ಜರ್ಮನ್ ಶೆಫರ್ಡ್ ಜಾತಿಯ ನಾಯಿಯು ಆಕೆಯ ಮನೆಯಲ್ಲಿತ್ತು. ಅದರ ಬುದ್ಧಿಯನ್ನೂ ನಿಷ್ಠೆಯನ್ನೂ ಕಂಡು, ಇಂಥ ನಾಯಿಗಳನ್ನು ಕೇವಲ ಅಂದಕ್ಕಾಗಿ ಸಾಕದೆ ಕೆಲಸಕ್ಕಾಗಿ ಬೆಳೆಸಬೇಕೆಂಬ ಆಲೋಚನೆಯು ಆಕೆಯಲ್ಲಿ ಹುಟ್ಟಿತು. ಬಳಿಕ ಸ್ವಿಟ್ಜರ್ಲೆಂಡಿನ ವೆವೇ ಪಟ್ಟಣದ ಬಳಿಯ ಬೆಟ್ಟದ ಮೇಲೆ ನೆಲಸಿ, 1923ರಲ್ಲಿ ಜಾರ್ಜ್ ಯೂಸ್ಟಿಸ್ ಎಂಬವರನ್ನು ವಿವಾಹವಾದಳು. ಎಲಿಯಟ್ ಹಂಫ್ರಿ ಎಂಬ ಪ್ರವೀಣರ ಸಹಾಯದಿಂದ ಅಲ್ಲಿ ಬೆಳೆಸಿ ಕಲಿಸಿದ ನಾಯಿಗಳು ಆ ದೇಶದ ಸೈನ್ಯಕ್ಕೂ ಪೊಲೀಸರಿಗೂ ಉಪಯೋಗವಾದವು.

ಮೊದಲನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳಕೊಂಡ ಸಿಪಾಯಿಗಳಿಗೆ ದಾರಿ ತೋರಿಸುವುದಕ್ಕಾಗಿ ಜರ್ಮನಿಯ ಓಲ್ಡನ್‌ಬುರ್ಗಿನಲ್ಲಿ 1916ರಲ್ಲಿ ನಾಯಿಗಳ ಶಾಲೆಯೊಂದು ತೆರೆಯಲ್ಪಟ್ಟಿತ್ತು. ಪಾಟ್ಸ್‌ಡಾಮಿನಲ್ಲಿದ್ದ ಇಂಥದೇ ಶಾಲೆಯನ್ನು ಯೂಸ್ಟಿಸಳು ಕಣ್ಣಾರೆ ಕಂಡು, 1927ನೆಯ ನವೆಂಬರ್ 5ರ ಅಮೆರಿಕನ್ ವಾರಪತ್ರಿಕೆಯೊಂದರಲ್ಲಿ ಲೇಖನ ಬರೆದಳು. ಅದರ ಹೆಸರು 'ಕಾಣುವ ಕಣ್ಣು'. ಇದು ಜ್ಞಾನೋಕ್ತಿಗಳ 20ನೆಯ ಅಧ್ಯಾಯದ 12ನೆಯ ವಚನದಿಂದ ಬಂದುದು.

ಟೆನೆಸ್ಸಿ ಪ್ರಾಂತದ ನ್ಯಾಶ್‌ವಿಲ್ಲಿನಲ್ಲಿ ಮಾರಿಸ್ ಫ್ರಾಂಕ್ ಎಂಬ ಅಂಧ ಯುವಕನಿಗೆ ತಂದೆಯು ಆ ಲೇಖನವನ್ನು ಓದಿ ಹೇಳಿದನು. ತನಗೆ ಅಂಥ ನಾಯಿ ದೊರೆತರೆ ತನ್ನ ದೇಶದ ಇತರ ಅಂಧರಿಗೂ ನೆರವಾಗುವೆನೆಂದು ಯುವಕನು ಆಕೆಗೆ ಪತ್ರ ಬರೆದನು. ಆಕೆಯಲ್ಲಿ ಅಂಧರಿಗಾಗಿ ಕಲಿಸಿದ ನಾಯಿ ಒಂದೂ ಇರಲಿಲ್ಲ. ವಿನಯದಿಂದ ಇಲ್ಲವೆಂದು ಬರೆದಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೆ ಆಕೆಯು ತಾನು ಬರೆದ ಮಾತಿಗೆ ತಾನೇ ಹೊಣೆಯಾಗಿ, 1928ರಲ್ಲಿ ಅವನನ್ನು ಕರೆಯಿಸಿದಳು. ಹೋಗುವಾಗ ಅವನು ಒಪ್ಪಿಸಿದ ಗಂಟಿನಂತೆ ಪರರ ವಶದಲ್ಲಿ ಪ್ರಯಾಣ ಮಾಡಿದನು. ಜೂನ್ ತಿಂಗಳಲ್ಲಿ ಹಿಂದಿರುಗಿ ಬಂದಾಗ ಬಡಿ ಎಂಬ ಹೆಣ್ಣುನಾಯಿಯೊಡನೆ, ನ್ಯೂಯಾರ್ಕಿನ ವಾಹನಗಳು ತುಂಬಿದ ಬೀದಿಯನ್ನು ಪತ್ರಿಕೆಯವರ ಎದುರಿನಲ್ಲಿ ದಾಟಿದನು.

ಈ ಕೆಲಸದ ಕ್ರಮವು ತಿಳಿಯತಕ್ಕದ್ದು. ನಾಯಿಯ ಮೈಗೆ ಕಟ್ಟಿದ ಪಟ್ಟಿಗೆ ಬಾಗದ ಹಿಡಿಯೊಂದಿರುತ್ತದೆ. ಅದನ್ನು ಹಿಡಿದವನಿಗೆ ನಾಯಿಯ ಚಲನೆಯೆಲ್ಲಾ ಕೈಯಿಂದಲೇ ತಿಳಿಯುತ್ತದೆ. ಹೋಗಬೇಕಾದ ದಾರಿಯನ್ನು ನಿಶ್ಚಯಿಸುವವನು ಮನುಷ್ಯನೇ. ಬಲಕ್ಕೆ, ಎಡಕ್ಕೆ, ಮುಂದಕ್ಕೆ ಎಂದು ಅವನು ಆಜ್ಞೆ ಕೊಡುವನು. ಮೆಟ್ಟಲು ಬಂದರೆ ನಾಯಿ ನಿಲ್ಲುವುದು. ಅಪಾಯವಿರುವಾಗ ಮುಂದೆ ಹೋಗೆಂದರೂ ಹೋಗದು. ವಿಧೇಯತೆಯೊಡನೆ, ಎಲ್ಲಿ ವಿಧೇಯವಾಗಬಾರದೆಂಬ ವಿವೇಕವನ್ನೂ ಅದಕ್ಕೆ ಕಲಿಸಬೇಕಾಗುತ್ತದೆ.

1929ನೆಯ ಜನವರಿಯಲ್ಲಿ ನ್ಯಾಶ್‌ವಿಲ್ಲಿನಲ್ಲಿ 'ಸೀಯಿಂಗ್ ಐ' ಸಂಸ್ಥೆಯು ಸ್ಥಾಪಿತವಾಯಿತು. ಬೇಗನೆ ನ್ಯೂಜರ್ಸಿಗೆ ಹೋದ ಅದು ಇಂದಿಗೂ ಅಲ್ಲಿ ನಡೆಯುತ್ತಿದೆ. ಅದಕ್ಕೆ ಯೂಸ್ಟಿಸಳು ಆರಂಭದಲ್ಲೇ 10,000 ಡಾಲರ್ ಕೊಟ್ಟಳು. ಇಂಗ್ಲೆಂಡಿಗೂ ಆಕೆಯು ತನ್ನ ಶಿಕ್ಷಕನನ್ನು ಕಳುಹಿಸಿದುದರಿಂದ, 1931ರಲ್ಲಿ ವಾಲಸಿಯಲ್ಲಿ ನಾಲ್ವರು ಅಂಧರಿಗೆ ನಾಯಿಗಳು ದೊರೆತವು. ತನ್ನ ಹಣವನ್ನು ಹೀಗೆ ಧಾರಾಳವಾಗಿ ವೆಚ್ಚ ಮಾಡಿದ ಆಕೆಯ ಸಂಸ್ಥೆಯು ನಾಯಿಯನ್ನು ಮಾತ್ರ ಭಿಕ್ಷೆಯಾಗಿ ಕೊಡಲಿಲ್ಲ. ನಿಜವಾದ ವೆಚ್ಚವು ಬಹಳವಾದರೂ, ಮೊದಲನೆಯ ನಾಯಿಗೆ 150 ಡಾಲರನ್ನು, ಕಂತುಗಳಲ್ಲಾದರೂ, ಪಡೆದವರೇ ತೆರಬೇಕೆಂಬ ನಿಯಮವಿತ್ತು. ಇದು ಲೋಭವಲ್ಲ, ಕೊಂಡವನು ತಲೆಯೆತ್ತಿ ನಡೆಯಲೆಂಬ ಗೌರವವು.

1946ನೆಯ ಸೆಪ್ಟೆಂಬರ್ 8ರಂದು ಯೂಸ್ಟಿಸಳು ನ್ಯೂಯಾರ್ಕಿನಲ್ಲಿ ಮೃತಳಾದಳು.

ತಾಯಿತಂದೆಗಳೇ, ಹಿಂದೆ ಇಲ್ಲಿ ಕಲಿತ ಸಹೋದರಿಯರೇ, ಅಶಕ್ತರನ್ನು ಕಂಡರೆ ನಮ್ಮ ಮನಸ್ಸು ಕರಗಿ, ಅವರ ಕೆಲಸವನ್ನೆಲ್ಲಾ ನಾವೇ ಮಾಡಿಕೊಡಲು ಮುಂದಾಗುತ್ತೇವೆ. ಅದರಿಂದ ನಮಗೆ ತೃಪ್ತಿಯಾಗುತ್ತದೆ, ಅವರಿಗೆ ಬಲ ಬರುವುದಿಲ್ಲ. ದಾರಿಯನ್ನು ಅವರೇ ಆರಿಸಲಿ. ಬೀಳದಂತೆ ಪಕ್ಕದಲ್ಲಿರುವುದೇ ನಮ್ಮ ಕೆಲಸ.