ಮೇಣದಬತ್ತಿಯ ತುಂಡುಗಳ ಬೆಳಕಿನಲ್ಲಿ: ಗಣಿತಜ್ಞ ಫೂರಿಯೇಯ ಜೀವನ

ಹಗಲೆಲ್ಲ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು, ರಾತ್ರಿ ಶಾಲೆಯ ದೀಪದ ಕೆಳಗೆ ಓದಿ ಮುಂದೆ ಬಂದವರ ಕಥೆ ಮುಂಬಯಿಯ ಕನ್ನಡಿಗರಿಗೆ ಹೊಸದಲ್ಲ. ಇಂದಿನ ತರುಣರಲ್ಲಿಯೂ ಕೆಲಸದಿಂದ ಮರಳಿದ ಮೇಲೆ, ಹೊಟ್ಟೆಪಾಡಿಗಾಗಿಯಲ್ಲದೆ ಕೇವಲ ಹವ್ಯಾಸಕ್ಕಾಗಿ, ಕಂಪ್ಯೂಟರಿನ ಮುಂದೆ ಕುಳಿತು ಹೊಸ ವಿದ್ಯೆಯೊಂದನ್ನು ಕಲಿಯುವವರುಂಟು. ನಾದವನ್ನು ಅಂಕಿಗಳಾಗಿ ಮಾರ್ಪಡಿಸಿ, ಸೋಸಿ, ಬೆಸೆದು, ಮತ್ತೆ ನಾದವಾಗಿಸುವುದು ಅಂತಹ ವಿದ್ಯೆಗಳಲ್ಲಿ ಒಂದು. ಅದರ ಮೊದಲ ಮೆಟ್ಟಿಲಿನಲ್ಲಿಯೇ ಎದುರಾಗುವ ಹೆಸರು ಫೂರಿಯೇ. ಈ ಹೆಸರನ್ನು ಸೂತ್ರವೆಂದು ಬಲ್ಲವರು ಅನೇಕರು. ಆ ಸೂತ್ರದ ಹಿಂದಿದ್ದ ಮನುಷ್ಯನನ್ನು ಬಲ್ಲವರು ವಿರಳ. ಆತನೂ ತನ್ನ ಮಹತ್ಕಾರ್ಯವನ್ನು ಬಿಡುವಿನ ವೇಳೆಯಲ್ಲಿಯೇ ಸಾಧಿಸಿದವನು.

ಜೋಸೆಫ್ ಫೂರಿಯೇ ೧೭೬೮ರ ಮಾರ್ಚ್ ೨೧ರಂದು ಫ್ರಾನ್ಸಿನ ಓಸೇರ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ದರ್ಜಿ, ಮನೆ ತುಂಬ ಮಕ್ಕಳು. ಬಾಲ್ಯದಲ್ಲಿಯೇ ತಾಯಿಯನ್ನೂ, ಅದರ ಬೆನ್ನಿಗೇ ತಂದೆಯನ್ನೂ ಕಳೆದುಕೊಂಡ ಹುಡುಗನಿಗೆ, ಕ್ರೈಸ್ತ ಸಂನ್ಯಾಸಿಗಳು ನಡೆಸುತ್ತಿದ್ದ ಸೈನಿಕ ಶಾಲೆಯೊಂದು ಆಶ್ರಯ ನೀಡಿತು. ಹದಿಮೂರರ ವಯಸ್ಸಿನಲ್ಲಿ ಗಣಿತದ ಹುಚ್ಚು ಹಿಡಿಯಿತು. ಹಗಲಿನಲ್ಲಿ ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಆಯ್ದಿಟ್ಟುಕೊಂಡು, ಎಲ್ಲರೂ ಮಲಗಿದ ಮೇಲೆ ಮರೆಯಾಗಿ ಕುಳಿತು ಲೆಕ್ಕಗಳನ್ನು ಬಿಡಿಸುತ್ತಿದ್ದನೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಸೈನ್ಯದ ಫಿರಂಗಿದಳವನ್ನು ಸೇರಬೇಕೆಂಬ ಹಂಬಲವಿತ್ತು. ಆದರೆ ಕುಲೀನ ಮನೆತನದವನಲ್ಲವೆಂಬ ಕಾರಣಕ್ಕೆ ಆ ಬಾಗಿಲು ಮುಚ್ಚಿತು. ೧೭೮೭ರಲ್ಲಿ ಸಂನ್ಯಾಸಾಶ್ರಮಕ್ಕೆಂದು ಮಠವನ್ನು ಸೇರಿದನು. ಎರಡೇ ವರ್ಷಗಳಲ್ಲಿ ದೀಕ್ಷೆಯನ್ನು ಪಡೆಯದೆ ಹೊರಬಂದು, ಓದಿದ ಶಾಲೆಯಲ್ಲಿಯೇ ಉಪಾಧ್ಯಾಯನಾದನು.

ಅಷ್ಟರಲ್ಲಿ ಮಹಾಕ್ರಾಂತಿ ದೇಶವನ್ನು ಆವರಿಸಿತು. ಊರಿನ ಕ್ರಾಂತಿ ಸಮಿತಿಯನ್ನು ಸೇರಿದ ಫೂರಿಯೇ, ೧೭೯೪ರ ಜುಲೈ ತಿಂಗಳಿನಲ್ಲಿ ಆ ಕ್ರಾಂತಿಯ ಕೋಪಕ್ಕೇ ಗುರಿಯಾಗಿ ಸೆರೆಮನೆಯನ್ನು ಕಂಡನು. ಶಿರಚ್ಛೇದ ಯಂತ್ರದ ಭೀತಿ ತಲೆಯ ಮೇಲೆ ತೂಗುತ್ತಿದ್ದಾಗ ರೋಬೆಸ್ಪಿಯರನ ಪತನವಾಗಿ ಇವನಿಗೆ ಬಿಡುಗಡೆ ದೊರೆಯಿತು. ಮರುವರ್ಷವೇ ಪ್ಯಾರಿಸಿನ ಹೊಸ ಅಧ್ಯಾಪಕ ವಿದ್ಯಾಲಯದಲ್ಲಿ ಲಗ್ರಾಂಜ್, ಲಾಪ್ಲಾಸ್, ಮೋಂಜ್ ಎಂಬ ದಿಗ್ಗಜರ ಪದತಲದಲ್ಲಿ ಕುಳಿತು ಕಲಿಯುವ ಭಾಗ್ಯ ಒದಗಿತು. ೧೭೯೮ರಲ್ಲಿ ನೆಪೋಲಿಯನ್ನನೊಡನೆ ಈಜಿಪ್ಟಿಗೆ ತೆರಳಿ, ಕೈರೋ ನಗರದಲ್ಲಿ ಸ್ಥಾಪಿತವಾದ ವಿದ್ವತ್ಸಂಸ್ಥೆಯ ಕಾರ್ಯದರ್ಶಿಯಾದನು.

೧೮೦೧ರಲ್ಲಿ ಸ್ವದೇಶಕ್ಕೆ ಮರಳಿದಾಗ ಪ್ಯಾರಿಸಿನಲ್ಲಿ ಗಣಿತ ಬೋಧಿಸುತ್ತ ಇರಬೇಕೆಂಬುದೇ ಅವನ ಇಚ್ಛೆ. ನೆಪೋಲಿಯನ್ನನ ಇಚ್ಛೆ ಬೇರೆ. ೧೮೦೨ರಲ್ಲಿ ಫೂರಿಯೇ ದೂರದ ಗ್ರೆನೋಬಲ್ ನಗರಕ್ಕೆ, ಈಜೇರ್ ಪ್ರಾಂತದ ಆಡಳಿತಾಧಿಕಾರಿಯಾಗಿ ಹೋಗಬೇಕಾಯಿತು. ಕಂದಾಯ, ಕಡತ, ಮನವಿ, ಮೇಲಿನವರ ಆಜ್ಞೆ, ಇವೇ ಹಗಲಿನ ಪಾಡು. ಅದರಲ್ಲಿಯೂ ಆತನು ಹೆಸರು ಗಳಿಸಿದನು. ಬೂರ್ಗ್ವಾನ್ ಎಂಬಲ್ಲಿಯ ಜೌಗು ನೆಲವನ್ನು ಒಣಗಿಸಿದನು, ಆಲ್ಪ್ಸ್ ಪರ್ವತವನ್ನು ಹಾಯ್ದು ಟ್ಯೂರಿನ್ನಿಗೆ ಹೋಗುವ ರಸ್ತೆಯ ಕೆಲಸವನ್ನು ನಡೆಸಿದನು. ಸರಕಾರದ ಈ ಸೇವೆಯ ನಡುವೆ ಉಳಿದ ವೇಳೆಯೇ ಈಗ ಅವನ ಪಾಲಿನ ಮೇಣದಬತ್ತಿಯ ತುಂಡುಗಳು.

ಆ ವೇಳೆಯಲ್ಲಿ ಆತನು ಹಿಡಿದ ಪ್ರಶ್ನೆ, ಉಷ್ಣತೆ ವಸ್ತುಗಳಲ್ಲಿ ಹೇಗೆ ಹರಡುತ್ತದೆ ಎಂಬುದು. ಕಬ್ಬಿಣದ ಬಳೆಯೊಂದನ್ನು ಕಾಯಿಸಿ, ಅಲ್ಲಲ್ಲಿ ಉಷ್ಣಮಾಪಕಗಳನ್ನಿಟ್ಟು ಅಳೆದನು. ಬಳೆಯ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು; ಕಾಲ ಕಳೆದಂತೆ ಈ ಏರುಪೇರು ಹೇಗೆ ಸಮವಾಗುತ್ತದೆ? ಲೆಕ್ಕಕ್ಕಾಗಿ ಆತನು ಒಂದು ಯುಕ್ತಿಯನ್ನು ಹೂಡಿದನು. ಉಷ್ಣತೆಯ ಏರಿಳಿತ ಎಷ್ಟೇ ಅಂಕುಡೊಂಕಾಗಿರಲಿ, ಅದನ್ನು ಅನೇಕ ಸರಳ ತರಂಗಗಳ ಮೊತ್ತವೆಂದು ಭಾವಿಸಬಹುದು. ಒಂದೊಂದು ತರಂಗವೂ ತನ್ನದೇ ವೇಗದಲ್ಲಿ ತಗ್ಗುತ್ತದೆ. ಎಲ್ಲವನ್ನೂ ಕೂಡಿದರೆ ಉತ್ತರ ಬರುತ್ತದೆ. ತಂಬೂರಿಯ ಒಂದೇ ತಂತಿಯನ್ನು ಮೀಟಿದಾಗ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಸ್ವರಗಳೂ ಹೊಮ್ಮಿ ಒಂದೇ ನಾದವಾಗಿ ಕಿವಿಯನ್ನು ತುಂಬುವುದನ್ನು ಬಲ್ಲ ವಾಚಕರಿಗೆ ಈ ಮಾತು ವಿಚಿತ್ರವೆನಿಸದು. ಆದರೆ ಫೂರಿಯೇ ಇನ್ನೂ ಮುಂದೆ ಹೋದನು. ಮೆಟ್ಟಿಲಿನಂತೆ ಥಟ್ಟನೆ ಏರಿ ಇಳಿಯುವ ಆಕಾರವನ್ನು ಸಹ ನುಣುಪಾದ ತರಂಗಗಳಿಂದ ಕಟ್ಟಬಹುದೆಂದು ಸಾರಿದನು.

೧೮೦೭ರ ಡಿಸೆಂಬರ್ ೨೧ರಂದು ಈ ಪ್ರಬಂಧ ಪ್ಯಾರಿಸಿನ ವಿದ್ವತ್ಸಭೆಯ ಮುಂದೆ ಬಂದಿತು. ಪರೀಕ್ಷಕರಲ್ಲಿ ಲಗ್ರಾಂಜ್, ಲಾಪ್ಲಾಸ್, ಮೋಂಜ್, ಅಂದರೆ ಅವನ ಗುರುಗಳೇ, ಇದ್ದರು. ಲಗ್ರಾಂಜನು ಒಪ್ಪಲಿಲ್ಲ. ಮಿಡಿಯುವ ತಂತಿಯ ವಿಷಯದಲ್ಲಿ ಇದೇ ಜಿಜ್ಞಾಸೆ ಅರ್ಧ ಶತಮಾನದ ಹಿಂದೆ ನಡೆದಾಗ ಆತನೂ ಅದರಲ್ಲಿ ಭಾಗಿಯಾಗಿದ್ದನು. ನುಣುಪಾದ ರೇಖೆಗಳನ್ನು ಎಷ್ಟು ಕೂಡಿದರೂ ಮೂಲೆಗಳುಳ್ಳ ರೇಖೆ ಹೇಗಾದೀತು ಎಂಬುದು ಅವನ ಆಕ್ಷೇಪ. ಪ್ರಬಂಧ ಅಚ್ಚಾಗದೆ ಉಳಿಯಿತು. ಫೂರಿಯೇ ಜಗಳಕ್ಕೆ ನಿಲ್ಲಲಿಲ್ಲ, ಕೈಚೆಲ್ಲಲೂ ಇಲ್ಲ. ಅದೇ ವಿಷಯದ ಮೇಲೆ ಸಂಸ್ಥೆ ಬಹುಮಾನವನ್ನು ಸಾರಿದಾಗ, ೧೮೧೧ರಲ್ಲಿ ಪ್ರಬಂಧವನ್ನು ವಿಸ್ತರಿಸಿ ಕಳುಹಿಸಿದನು. ಬಹುಮಾನವೇನೋ ಬಂದಿತು, ಅದರ ಜೊತೆಗೇ, ಸಾಧನೆಯಲ್ಲಿ ನಿಷ್ಕೃಷ್ಟತೆ ಸಾಲದೆಂಬ ಟೀಕೆಯೂ ಬಂದಿತು. ಈ ಬಾರಿಯೂ ಅಚ್ಚಾಗಲಿಲ್ಲ.

೧೮೧೫ರಲ್ಲಿ ನೆಪೋಲಿಯನ್ನನ ಸಾಮ್ರಾಜ್ಯದೊಡನೆ ಫೂರಿಯೇಯ ಅಧಿಕಾರವೂ ಕುಸಿಯಿತು. ಪ್ಯಾರಿಸಿನ ಅಂಕಿಅಂಶ ಕಚೇರಿಯ ಕೆಲಸ ಅವನ ಕೈಹಿಡಿಯಿತು. ೧೮೧೬ರಲ್ಲಿ ವಿಜ್ಞಾನ ಅಕಾಡೆಮಿ ಅವನನ್ನು ಆರಿಸಿದಾಗ ದೊರೆ ಒಪ್ಪಿಗೆ ನೀಡಲಿಲ್ಲ. ಮರುವರ್ಷ ಮತ್ತೆ ಆರಿಸಿದಾಗ ಒಪ್ಪಬೇಕಾಯಿತು. ಕೊನೆಗೆ ೧೮೨೨ರಲ್ಲಿ ಉಷ್ಣತೆಯ ವಿಶ್ಲೇಷಣೆಯನ್ನು ಕುರಿತ ಅವನ ಮಹಾಗ್ರಂಥ ಬೆಳಕು ಕಂಡಿತು. ಮೊದಲ ಪ್ರಬಂಧವನ್ನು ಒಪ್ಪಿಸಿ ಹದಿನೈದು ವರ್ಷಗಳು ಸಂದಿದ್ದವು. ಆಕ್ಷೇಪಿಸಿದ ಲಗ್ರಾಂಜನು ಆಗ ಬದುಕಿರಲಿಲ್ಲ. ಅವಿವಾಹಿತನಾಗಿಯೇ ಉಳಿದ ಫೂರಿಯೇ, ೧೮೩೦ರ ಮೇ ೧೬ರಂದು ಪ್ಯಾರಿಸಿನಲ್ಲಿ ತೀರಿಕೊಂಡನು. ಅದರ ಹಿಂದಿನ ವರ್ಷವಷ್ಟೆ ಡಿರಿಕ್ಲೆ ಎಂಬ ತರುಣ ಗಣಿತಜ್ಞನು, ಯಾವ ನಿಬಂಧನೆಗಳಲ್ಲಿ ಫೂರಿಯೇಯ ಮಾತು ನಿಲ್ಲುತ್ತದೆಂಬುದನ್ನು ನಿಷ್ಕೃಷ್ಟವಾಗಿ ಸಾಧಿಸಿ ತೋರಿಸಿದ್ದನು.

ಉಷ್ಣತೆಗಾಗಿ ಹುಟ್ಟಿದ ಈ ಗಣಿತ ಮುಂದೆ ನಾದದ ಭಾಷೆಯಾಯಿತು. ಇಂದಿನ ಧ್ವನಿಮುದ್ರಣದಲ್ಲಿ ಮೈಕ್ರೋಫೋನಿಗೆ ಬಂದ ಕಂಪನವನ್ನು ಸಿ.ಡಿ.ಯ ಪದ್ಧತಿಯಂತೆ ಸೆಕೆಂಡಿಗೆ ೪೪,೧೦೦ ಸಲ ಅಳೆದು ಅಂಕಿಗಳ ಸಾಲಾಗಿ ಇಡುತ್ತಾರೆ. ಆ ಸಾಲಿನಲ್ಲಿ ಯಾವ ಯಾವ ಸ್ವರ ಎಷ್ಟೆಷ್ಟಿದೆಯೆಂದು ತಿಳಿಯಲು ಫೂರಿಯೇಯ ವಿಶ್ಲೇಷಣೆಯೇ ಸಾಧನ. ೧,೦೨೪ ಅಂಕಿಗಳಿಗೆ ನೇರವಾಗಿ ಲೆಕ್ಕ ಹಾಕಿದರೆ ಹತ್ತು ಲಕ್ಷಕ್ಕೂ ಮೀರಿ ಗುಣಾಕಾರಗಳು ಬೇಕು. ೧೯೬೫ರಲ್ಲಿ ಕೂಲಿ ಮತ್ತು ಟುಕಿ ಎಂಬ ವಿದ್ವಾಂಸರು ಪ್ರಕಟಿಸಿದ ಶೀಘ್ರ ವಿಧಾನದಿಂದ ಈ ದುಡಿಮೆ ಸುಮಾರು ನೂರರಲ್ಲೊಂದು ಪಾಲಿಗೆ ಇಳಿಯಿತು. ಆದುದರಿಂದಲೇ ಇಂದು ಮನೆಯ ಸಾಮಾನ್ಯ ಕಂಪ್ಯೂಟರೂ ಹಾಡುಗಾರನ ಸ್ವರವನ್ನು ಹಾಡುತ್ತಿರುವಾಗಲೇ ಬಿಡಿಸಿ ತೋರಿಸಬಲ್ಲದು.

ಈ ವಿದ್ಯೆಯನ್ನು ಹೊಸದಾಗಿ ಕಲಿಯುವವನು ಮಾಡಬಹುದಾದ ಮೊದಲ ಅಭ್ಯಾಸವೊಂದುಂಟು. ಸೆಕೆಂಡಿಗೆ ೨೦೦ ಕಂಪನಗಳ ಸರಳ ತರಂಗವನ್ನು ತೆಗೆದುಕೊಂಡು, ಅದಕ್ಕೆ ೬೦೦ರ ತರಂಗವನ್ನು ಮೂರನೆಯ ಒಂದು ಪಾಲು, ೧,೦೦೦ದ ತರಂಗವನ್ನು ಐದನೆಯ ಒಂದು ಪಾಲು, ಹೀಗೆ ಕೂಡಿಸುತ್ತ ಹೋಗಬೇಕು. ಹತ್ತಾರು ಸಾಲಿನ ಪ್ರೋಗ್ರಾಮು ಸಾಕು. ಮೃದುವಾಗಿದ್ದ ನಾದ ಒರಟಾಗಿ ಪೀಪಿಯ ದನಿಯನ್ನು ತಾಳುತ್ತದೆ. ಪರದೆಯ ಮೇಲೆ ದುಂಡನೆಯ ಅಲೆ ನೆಟ್ಟನೆ ನಿಂತ ಗೋಡೆಗಳ ಚೌಕವಾಗುತ್ತ ಬರುತ್ತದೆ. ೧೮೦೭ರಲ್ಲಿ ಆಗದೆಂದು ಹಿರಿಯರು ತಿರಸ್ಕರಿಸಿದ್ದು ಇದನ್ನೇ. ಎಷ್ಟು ತರಂಗಗಳನ್ನು ಕೂಡಿಸಿದರೂ ಗೋಡೆಯ ತುದಿಯಲ್ಲಿ, ಅದರ ಎತ್ತರದ ಶೇಕಡಾ ೯ರಷ್ಟು ಚಿಕ್ಕ ಕೊಂಬೊಂದು ಉಳಿದೇ ಇರುತ್ತದೆ. ಅದು ಕಿರಿದಾಗುತ್ತ ಹೋಗುತ್ತದೆಯೇ ಹೊರತು ತಗ್ಗುವುದಿಲ್ಲ. ಲಗ್ರಾಂಜನ ಸಂಶಯವೂ ನಿರಾಧಾರವಾಗಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಫೂರಿಯೇ ಮೊದಲು ಅಳೆದನು, ಲೆಕ್ಕ ಹಾಕಿದನು, ಎರಡೂ ಹೊಂದಿದುದನ್ನು ಕಂಡನು. ಪೂರ್ಣ ಸಾಧನೆ ಅನಂತರ ಇನ್ನೊಬ್ಬರಿಂದ ಬಂದಿತು. ಗಣಿತವೆಲ್ಲ ಕೈವಶವಾದ ಮೇಲೆಯೇ ನಾದದ ವಿದ್ಯೆಗೆ ಕೈಹಾಕುವೆನೆಂದು ಕಾದು ಕುಳಿತವರಿಗೆ ಈ ಜೀವನದಲ್ಲಿ ಪಾಠವಿದೆ. ದುಡಿಮೆಯ ನಡುವೆ ಸಿಕ್ಕುವ ವೇಳೆ ಚೂರುಚೂರಾಗಿಯೇ ಇರುತ್ತದೆ. ಓಸೇರಿನ ದರ್ಜಿಯ ಮಗನು ಆ ಚೂರುಗಳನ್ನೇ ಆಯ್ದಿಟ್ಟುಕೊಂಡನು.