ಒಂದು ಮಾತೂ ದಾಖಲಾಗದ ಅಪ್ಪ

  

ಮುಂದಿನ ತಿಂಗಳು ನಮ್ಮ ಸಂಡೇ ಸ್ಕೂಲ್‌ನಲ್ಲಿ ಯೇಸುವಿನ ಬಾಲ್ಯದ ಪಾಠಗಳು ಶುರುವಾಗ್ತವೆ. ಟೀಚರ್‌ಗಳಲ್ಲಿ ಕೆಲವರು ಬಂದು, ನಾಲ್ಕು ವಾರ ಕಲಿಸೋವಷ್ಟು ವಿಷಯ ಬೈಬಲ್‌ನಲ್ಲಿ ಎಲ್ಲಿದೆ ಅಂತ ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಮಾರ್ಕನೂ ಯೋಹಾನನೂ ಆ ಬಾಲ್ಯದ ಬಗ್ಗೆ ಏನೂ ಬರೆದಿಲ್ಲ. ಮತ್ತಾಯ, ಲೂಕ ಇಬ್ಬರಲ್ಲೂ ಎರಡೆರಡು ಅಧ್ಯಾಯ, ಅಷ್ಟೇ. ಹನ್ನೆರಡನೇ ವಯಸ್ಸಾದ ಮೇಲೆ ಹೆಚ್ಚುಕಡಿಮೆ ಮೂವತ್ತರ ತನಕ ಪೂರ್ತಿ ಮೌನ.

ಆ ಖಾಲಿ ಜಾಗವನ್ನು ತುಂಬಿಸೋ ಆಸೆ ಇವತ್ತಿನದಲ್ಲ ಪ್ರಿಯರೇ. ತೋಮನ ಹೆಸರಿಟ್ಟುಕೊಂಡ ಒಂದು ಹಳೇ ಪುಸ್ತಕ ಇದೆ, ಬೈಬಲ್‌ಗೆ ಸೇರದೇ ಇರೋದು. ಅದರಲ್ಲಿ ಬಾಲಯೇಸು ಮಣ್ಣಿನ ಗುಬ್ಬಿ ಮಾಡಿ ಹಾರಿಸ್ತಾನೆ, ಚೆನ್ನಾಗಿದೆ. ಆದರೆ ಓಡಿ ಬಂದು ಭುಜಕ್ಕೆ ತಾಗಿದ ಇನ್ನೊಂದು ಮಗುವನ್ನು ಶಪಿಸಿ ಸಾಯಿಸ್ತಾನೆ ಕೂಡ! ಇಂಥ ಯೇಸುವನ್ನು ನಮ್ಮ ಮಕ್ಕಳಿಗೆ ಕೊಡಬೇಕಾ? ಯೋಹಾನ 2ನೇ ಅಧ್ಯಾಯ ಬಿಡಿಸಿ ನೋಡಿ. ಕಾನಾ ಊರಿನ ಮದುವೆಯಲ್ಲಿ ನಡೆದದ್ದೇ ಮೊದಲನೇ ಸೂಚಕಕಾರ್ಯ ಅಂತ ಸ್ಪಷ್ಟವಾಗಿ ಬರೆದಿದೆ. ಹಾಗಾಗಿ ಯೇಸು ಚಿಕ್ಕವನಿದ್ದಾಗ ಅದ್ಭುತ ಮಾಡಿದನಾ ಅಂತ ಮಗು ಕೇಳಿದರೆ, ಇಲ್ಲ ಅಂತ ಧೈರ್ಯವಾಗಿ ಹೇಳಿ.

ಮತ್ತೆ ಏನು ಕಲಿಸೋದು? ಯೋಸೇಫನನ್ನು ಕಲಿಸಿ. ಆ ಬಾಲ್ಯ ನಡೆದದ್ದು ಅವನ ಮನೆಯಲ್ಲಿ.

ಇವನು ದಾವೀದನ ವಂಶದವನು, ಆದರೆ ಅರಮನೆಯಲ್ಲ, ಬಡಗಿ ಕೆಲಸ. ಗ್ರೀಕಿನಲ್ಲಿರೋ ತೆಕ್ತೋನ್ ಅನ್ನೋ ಪದಕ್ಕೆ ಮರದ ಕೆಲಸದವನು ಅಂತಲೂ ಬರುತ್ತೆ, ಮನೆ ಕಟ್ಟುವವನು ಅಂತಲೂ ಬರುತ್ತೆ. ಊರು ನಜರೇತು, ಹಳೇ ಒಡಂಬಡಿಕೆಯಲ್ಲಿ ಒಂದು ಸಲವೂ ಹೆಸರು ಬಾರದ ಹಳ್ಳಿ. ಮರಿಯಳ ಜೊತೆ ನಿಶ್ಚಿತಾರ್ಥ ಆಗಿತ್ತು. ಕೂಡಿ ಬಾಳೋ ಮೊದಲೇ ಅವಳು ಗರ್ಭಿಣಿ ಅಂತ ಗೊತ್ತಾಯ್ತು. ಅವನ ಜಾಗದಲ್ಲಿ ನಿಂತು ನೋಡಿ. ಮಗು ತನ್ನದಲ್ಲ ಅನ್ನೋದು ಅವನೊಬ್ಬನಿಗೆ ಖಂಡಿತ ಗೊತ್ತು. ಊರ ಮುಂದೆ ಅವಳ ಮಾನ ಕಳೆಯಬಹುದಿತ್ತು. ಮತ್ತಾಯನು ಅವನನ್ನು ನೀತಿವಂತ ಅಂತ ಕರೆಯೋದು ಇದೇ ಜಾಗದಲ್ಲಿ. ಅವಳನ್ನು ಅವಮಾನ ಮಾಡದೆ ಗುಟ್ಟಾಗಿ ಬಿಟ್ಟುಬಿಡೋಣ ಅಂತ ಯೋಚಿಸಿದ. ಆ ರಾತ್ರಿ ಕನಸಿನಲ್ಲಿ ದೂತನು ಬಂದ, ಮಗು ಪವಿತ್ರಾತ್ಮನಿಂದ ಅಂತ ತಿಳಿಸಿದ. ಬೆಳಿಗ್ಗೆ ಎದ್ದು ಹೆಂಡತಿಯನ್ನು ಮನೆಗೆ ಕರ್ಕೊಂಡ. ಮಗ ಹುಟ್ಟಿದಾಗ ಯೇಸು ಅಂತ ಹೆಸರಿಟ್ಟವನೂ ಅವನೇ. ಹೆಸರಿಡೋದು ಅಂದ್ರೆ, ಈ ಮಗು ನನ್ನದು ಅಂತ ಎಲ್ಲರ ಮುಂದೆ ಒಪ್ಪಿಕೊಳ್ಳೋದು.

ನಮ್ಮ ಕ್ಲಾಸ್‌ನಲ್ಲಿ ಅಮ್ಮ ಒಬ್ಬರೇ ಸಾಕ್ತಿರೋ ಮಕ್ಕಳಿದ್ದಾರೆ. ಅಜ್ಜಿ ಮನೆಯಲ್ಲಿ ಬೆಳೀತಿರೋರು, ದತ್ತು ಬಂದವರು ಇದ್ದಾರೆ. ಪರಲೋಕದ ತಂದೆ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಆ ಮಗುವಿನ ಮುಖ ನೋಡಿದ್ದೀರಾ ಆಗ? ದೇವರು ತನ್ನ ಸ್ವಂತ ಮಗನನ್ನು, ರಕ್ತಸಂಬಂಧ ಇಲ್ಲದ ಒಬ್ಬ ಮನುಷ್ಯನ ಕೈಗೆ ಕೊಟ್ಟು ಬೆಳೆಸಿದನು. ಟೀಚರ್‌ಗಳೇ, ಈ ಪಾಠಕ್ಕೆ ಕಲರಿಂಗ್ ಶೀಟ್ ಕೊಟ್ಟು ಮುಗಿಸಬೇಡಿ.

ನಲವತ್ತು ದಿನ ಆದ ಮೇಲೆ ಮಗುವನ್ನು ಯೆರೂಸಲೇಮಿನ ದೇವಾಲಯಕ್ಕೆ ತಂದರು. ಯಾಜಕಕಾಂಡ 12ರ ಪ್ರಕಾರ ಹೋಮಕ್ಕೆ ಕುರಿಮರಿ ತರಬೇಕು, ಗತಿ ಇಲ್ಲದವರು ಎರಡು ಹಕ್ಕಿ ತಂದರೆ ಸಾಕು. ಲೂಕನು ಬರೆದಿರೋದು ಹಕ್ಕಿಗಳ ಬಗ್ಗೆ. ಯೋಸೇಫನ ಜೇಬು ಎಷ್ಟಿತ್ತು ಅಂತ ಇದಕ್ಕಿಂತ ಇನ್ನೇನು ಹೇಳಬೇಕು! ಜೋಯಿಸರ ಚಿನ್ನ ಇನ್ನೂ ಬಂದಿರಲಿಲ್ಲ. (ಕ್ರಿಸ್ಮಸ್ ನಾಟಕದಲ್ಲಿ ನಾವು ಜೋಯಿಸರನ್ನು ಕೊಟ್ಟಿಗೆಗೇ ನುಗ್ಗಿಸ್ತೀವಿ. ವಾಕ್ಯದಲ್ಲಿ ಅವರು ಬಂದದ್ದು ಮನೆಗೆ. ಮೂರು ಜನ ಅಂತಲೂ ಬರೆದಿಲ್ಲ. ಈ ವರ್ಷ ಸರಿ ಮಾಡ್ಕೊಳ್ಳೋಣ.)

ಆಮೇಲೆ ಎರಡನೇ ಕನಸು. ಹೆರೋದನು ಮಗುವನ್ನು ಕೊಲ್ಲೋಕೆ ಹುಡುಕ್ತಾನೆ, ಐಗುಪ್ತಕ್ಕೆ ಓಡು. ಯೋಸೇಫ ಬೆಳಗಾಗೋ ತನಕ ಕಾಯಲಿಲ್ಲ, ರಾತ್ರಿಯೇ ಹೊರಟ. ಕೆಲಸ, ಮನೆ, ಭಾಷೆ ಎಲ್ಲ ಬಿಟ್ಟು ಪರದೇಶದಲ್ಲಿ ವಲಸೆಗಾರನ ಬದುಕು. ಹೆರೋದನು ಸತ್ತದ್ದು ಕ್ರಿ.ಪೂ. 4ರಲ್ಲಿ ಅಂತ ಹೆಚ್ಚಿನ ಇತಿಹಾಸಕಾರರ ಲೆಕ್ಕ. ಮೂರನೇ ಕನಸಿನಲ್ಲಿ ವಾಪಸ್ ಬರೋ ಅಪ್ಪಣೆ ಸಿಕ್ಕಿತು. ಆದರೆ ಯೂದಾಯದಲ್ಲಿ ಅರ್ಖೆಲಾಯನು ಪಟ್ಟಕ್ಕೆ ಬಂದಿದ್ದಾನೆ ಅಂತ ಕೇಳಿ ಯೋಸೇಫ ಹೆದರಿದ. ಹೌದು, ಹೆದರಿದ ಅಂತಲೇ ಬರೆದಿದೆ. ಕನಸಿನಲ್ಲಿ ಇನ್ನೊಂದು ಎಚ್ಚರಿಕೆ ಬಂತು, ಗಲಿಲಾಯಕ್ಕೆ ತಿರುಗಿ ನಜರೇತಿನಲ್ಲಿ ನೆಲೆಸಿದ. ಒಟ್ಟು ನಾಲ್ಕು ಕನಸು. ಒಂದಕ್ಕೂ ಅವನು ವಾದ ಮಾಡಿದ ದಾಖಲೆ ಇಲ್ಲ. ಎದ್ದ, ಮಾಡಿದ.

ನಜರೇತಿನಲ್ಲಿ ಏನಾಯ್ತು? ದಿನಗೂಲಿ ಬದುಕು. ಮನೆ ತುಂಬಾ ಮಕ್ಕಳು: ಯಾಕೋಬ, ಯೋಸೆ, ಯೂದ, ಸೀಮೋನ, ಜೊತೆಗೆ ಹೆಣ್ಣುಮಕ್ಕಳು. ಸುಮಾರು 6 ಕಿಲೋಮೀಟರ್ ದೂರದಲ್ಲಿ ಸೆಪ್ಫೋರಿಸ್ ಪಟ್ಟಣವನ್ನು ಹೆರೋದ ಅಂತಿಪನು ಮತ್ತೆ ಕಟ್ಟಿಸ್ತಿದ್ದ. ಅಪ್ಪ ಮಗ ಅಲ್ಲಿಗೆ ಕೂಲಿಗೆ ಹೋಗಿರಬಹುದು ಅಂತ ಕೆಲವು ಪಂಡಿತರು ಹೇಳ್ತಾರೆ. ವಾಕ್ಯದಲ್ಲಿಲ್ಲ, ಆದ್ದರಿಂದ ಮಕ್ಕಳಿಗೆ ಇರಬಹುದು ಅಂತ ಮಾತ್ರ ಹೇಳಿ.

ವಾಕ್ಯದಲ್ಲಿ ಇರೋದು ಇದು: ಪ್ರತಿ ವರ್ಷ ಪಸ್ಕ ಹಬ್ಬಕ್ಕೆ ಯೆರೂಸಲೇಮಿಗೆ ಹೋಗ್ತಿದ್ದರು. ನೂರು ಕಿಲೋಮೀಟರ್‌ಗಿಂತ ಜಾಸ್ತಿ, ಕಾಲ್ನಡಿಗೆ. ಬಡಗಿಗೆ ಅಷ್ಟು ದಿನದ ಕೂಲಿ ಹೋಯ್ತು. ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಆಜ್ಞೆಗಳನ್ನು ಕಲಿಸಬೇಕು ಅಂತ ಧರ್ಮೋಪದೇಶಕಾಂಡ 6ರಲ್ಲಿ ಇದೆಯಲ್ಲ, ಅದಕ್ಕೆ ಈ ದಾರಿಗಿಂತ ಒಳ್ಳೇ ಕ್ಲಾಸ್‌ರೂಮ್ ಎಲ್ಲಿದೆ? ಯೇಸುವಿಗೆ ಹನ್ನೆರಡು ವರ್ಷ ಆದಾಗ ಹುಡುಗ ಹಿಂದೆ ಉಳಿದುಬಿಟ್ಟ. ಒಂದು ದಿನ ನಡೆದ ಮೇಲೆ ಗೊತ್ತಾಯ್ತು. ಮೂರು ದಿನದ ಮೇಲೆ ದೇವಾಲಯದಲ್ಲಿ, ಬೋಧಕರ ನಡುವೆ ಪ್ರಶ್ನೆ ಕೇಳ್ತಾ ಕೂತಿದ್ದ. ನಿನ್ನ ತಂದೆಯೂ ನಾನೂ ಎಷ್ಟು ಸಂಕಟಪಟ್ಟು ಹುಡುಕಿದೆವು ಅಂತ ಮರಿಯಳು ಗದರಿದಳು. ಅದಕ್ಕೆ ಹುಡುಗ, ನಾನು ನನ್ನ ತಂದೆಯ ಮನೆಯಲ್ಲೇ ಇರಬೇಕಲ್ಲವೇ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ.

ಯೋಸೇಫ ಪಕ್ಕದಲ್ಲೇ ನಿಂತಿದ್ದಾನೆ. ಮೂರು ದಿನ ನಿದ್ದೆ ಇಲ್ಲದೆ ಹುಡುಕಿದ ಅಪ್ಪ ಕೇಳಿಸಿಕೊಂಡದ್ದು ಆ ಮಾತು. ಏನೂ ಹೇಳಲಿಲ್ಲ. ಮಗುವನ್ನು ಕರ್ಕೊಂಡು ನಜರೇತಿಗೆ ನಡೆದ. ಯೇಸು ಅವರಿಗೆ ಅಧೀನನಾಗಿದ್ದನು ಅಂತ ಲೂಕನು ಬರೀತಾನೆ. ಲೋಕವನ್ನು ಉಂಟುಮಾಡಿದವನು ಒಬ್ಬ ಬಡಗಿಯ ಮಾತು ಕೇಳ್ತಿದ್ದ, ಸ್ತೋತ್ರ!

ಅಲ್ಲಿಂದ ಯೋಸೇಫನು ಕಾಣಿಸೋದಿಲ್ಲ. ಶಿಲುಬೆಯ ಬಳಿ ಯೇಸು ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದ್ದು ನೋಡಿದರೆ, ಅಷ್ಟರೊಳಗೆ ಅವನು ತೀರಿಕೊಂಡಿರಬೇಕು. ನಾಲ್ಕು ಸುವಾರ್ತೆಗಳಲ್ಲಿ ಅವನ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ಆದರೆ ಗೆತ್ಸೇಮನೆ ತೋಟದಲ್ಲಿ ಯೇಸು ಬೋರಲು ಬಿದ್ದು ಪ್ರಾರ್ಥಿಸಿದಾಗ ದೇವರನ್ನು ಕರೆದ ಪದ ಅಬ್ಬಾ. ಅವರ ಮನೆಭಾಷೆಯಲ್ಲಿ ಅಪ್ಪಾ. ಆ ಪದವನ್ನು ಆ ಬಾಯಿ ಮೊದಲು ಯಾರನ್ನು ಕರೆಯೋಕೆ ಕಲಿತಿತ್ತು?

ಎದ್ದು ನಿಲ್ಲೋಣ. ಅಪ್ಪನ ಪ್ರೀತಿ ಕಾಣದೆ ಬೆಳೆದವರು, ಬೇರೆಯವರ ಮಗುವನ್ನು ಸಾಕ್ತಿರೋರು, ಮುಂದಿನ ತಿಂಗಳು ಕಲಿಸೋ ಟೀಚರ್‌ಗಳು, ಮೂರು ಗುಂಪಿನವರೂ ಮುಂದೆ ಬನ್ನಿ. ಕೈ ಇಟ್ಟು ಪ್ರಾರ್ಥಿಸ್ತೀವಿ.